ಕಾಡುಬಳ್ಳಿಯ ನೆಂಟಸ್ತಿಕೆ

ಮಾಸಾಚುಸೆಟ್ಸ್‌ನ ಕಾಂಕರ್ಡ್ ಊರಿನ ಹೊಳೆಯಂಚಿಗೆ ಸೆಪ್ಟೆಂಬರಿನಲ್ಲಿ ವಾಕಿಂಗ್ ಹೋದರೆ, ಫಾಕ್ಸ್ ಗ್ರೇಪ್ ಎಂಬ ಕಾಡುದ್ರಾಕ್ಷಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ನಡುಗಾಡಿನ ಕತ್ತಲೆ ಅದಕ್ಕೆ ಒಗ್ಗದು. ಬಿಸಿಲೂ ಬೇಕು, ಹತ್ತಲು ಮರವೂ ಬೇಕು. ಹಾಗಾಗಿ ಕಾಡು ಮುಗಿಯುವ ಅಂಚು, ಹೊಳೆದಂಡೆ, ಯಾವ ಕಾಲದ್ದೋ ಕಲ್ಲುಗೋಡೆ, ಇಂಥಲ್ಲೇ ಬಿಡಾರ. ಎಲೆ ಮಗುಚಿದರೆ ಅಡಿಯಲ್ಲಿ ಮಾಸಲು ಕಂದಿನ ತುಪ್ಪಳ. ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ಗಂಡು ಮರದ ನೆತ್ತಿಯವರೆಗೆ ಹತ್ತಿ, ಹೂಬಿಟ್ಟು, ಒಂದು ಹಣ್ಣೂ ಕೊಡದೆ ಠೀವಿಯಿಂದ ಇರುತ್ತದೆ. ನಿವೃತ್ತನಾಗಿ ಮಗಳ ಮನೆಯಲ್ಲಿ ಕೂತು ಉಣ್ಣುವ ನನಗೆ ಅದರ ಮೇಲೆ ವಿಶೇಷ ಗೌರವ.

ಆ ಪರಿಮಳ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯದೇ. ಸಿಪ್ಪೆ ಒತ್ತಿದರೆ ತಿರುಳು ಗುಳುಕ್ಕನೆ ಜಾರುವುದೂ ಹಾಗೆಯೇ. ಇರಲೇಬೇಕಲ್ಲ, ಬೆಂಗಳೂರು ಬ್ಲೂ ಈ ಕಾಡುಬಳ್ಳಿಯ ಕುಲಕ್ಕೂ ಯೂರೋಪಿನ ದ್ರಾಕ್ಷಿಗೂ ಹುಟ್ಟಿದ ಸಂತತಿ.

ನನ್ನ ಹೆಂಡತಿ ದೇವನಹಳ್ಳಿ ಕಡೆಯವಳು. ಬೀಜವಿಲ್ಲದ ದ್ರಾಕ್ಷಿ ಅವಳಿಗೆ ಮಾತಾಡದ ನೆಂಟರಿದ್ದ ಹಾಗೆ. ಬಂದರೂ ಹೋದರೂ ಒಂದೇ. ನೀಲಿ ದ್ರಾಕ್ಷಿಯಾದರೆ ಮೊದಲು ತಿರುಳು, ಆಮೇಲೆ ಕಣ್ಣುಮುಚ್ಚಿ ಸಿಪ್ಪೆಯ ಒಗರು. ಯಾರ ಮನೆಯಲ್ಲಿ ತಿಂದರೂ ಬೀಜ ಸೆರಗಿನ ಗಂಟಿಗೆ. ಹಿತ್ತಲಲ್ಲಿ ಹುಟ್ಟಿದ ಸಸಿಗಳು ಹಣ್ಣು ಬಿಟ್ಟಿದ್ದನ್ನು ನಾನಂತೂ ಕಾಣೆ. ಅವಳ ತವರಿನ ಚಪ್ಪರ ಈಗಿಲ್ಲ. ಆ ಕಡೆಯಿಂದಲೇ ನಾನು ಇಲ್ಲಿಗೆ ವಿಮಾನ ಹತ್ತಿದ್ದು. ಅವಳೂ ಇಲ್ಲ.

“ಅಪ್ಪಾ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋಬೇಡಿ!” ಎಂದು ಮಗಳು ಗದರಿದಳು. ತಪ್ಪೇನಿಲ್ಲ. ಇಲ್ಲಿ ಮೂನ್‌ಸೀಡ್ ಎಂಬ ವಿಷದ ಬಳ್ಳಿಯೂ ಇಂಥದೇ ಗೊಂಚಲು ಬಿಡುತ್ತದೆ. ಅದಕ್ಕೆ ಕುಡಿಬಳ್ಳಿಯಿಲ್ಲ, ಹಣ್ಣಿನೊಳಗೆ ಅರ್ಧಚಂದ್ರದಂಥ ಒಂದೇ ಬೀಜ. ನಾನು ಹಣ್ಣು ಒಡೆದು ಬೀಜಗಳನ್ನು ತೋರಿಸಿದೆ. ಅನುಮಾನದಿಂದಲೇ ಒಂದನ್ನು ಬಾಯಿಗಿಟ್ಟಳು. ಮೊದಲು ತಿರುಳು, ಆಮೇಲೆ ಕಣ್ಣುಮುಚ್ಚಿ ಸಿಪ್ಪೆ. “ಹುಳಿ” ಎಂದಳು, ಇನ್ನೊಂದಕ್ಕೆ ಕೈ ಚಾಚಿದಳು.

ಈ ಊರಿನಲ್ಲೇ ಎಫ್ರೈಮ್ ಬುಲ್ ಎಂಬಾತ ಕಾಡುದ್ರಾಕ್ಷಿಯ ಬೀಜ ಬಿತ್ತಿ, ಸಾವಿರಾರು ಸಸಿಗಳಲ್ಲಿ ಆರಿಸಿ, 1853ರಲ್ಲಿ ಕಾಂಕರ್ಡ್ ತಳಿಯನ್ನು ಲೋಕಕ್ಕೆ ತೋರಿಸಿದ್ದು. ಕಸುಬು ಚಿನ್ನದ ರೇಕು ಬಡಿಯುವುದು. ಬುಲ್ ಮಾರಿದ ಸಸಿಗಳಿಂದಲೇ ಬೇರೆಯವರು ಸಸಿ ಎಬ್ಬಿಸಿ ದುಡ್ಡು ಮಾಡಿಕೊಂಡರು. ಆತ 1895ರಲ್ಲಿ ಬಡವನಾಗಿಯೇ ತೀರಿಕೊಂಡ. ಬೀಜ ಕೂಡಿಡುವವರ ಹಣೆಬರಹ ಎಲ್ಲ ಕಡೆಯೂ ಇಷ್ಟೇ ಏನೋ.

ನನ್ನ ಮೊಮ್ಮಗಳು ಹುಟ್ಟಿದ್ದು ಇಲ್ಲೇ, ಪಾಸ್‌ಪೋರ್ಟೂ ಅಮೆರಿಕದ್ದೇ. ಇಲ್ಲಿಯ ಕಾಡುಬಳ್ಳಿಯ ವಂಶದ ಬೆಂಗಳೂರು ಬ್ಲೂಗೆ ಮಾತ್ರ 2013ರಲ್ಲಿ ಭಾರತದ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಾಗದಪತ್ರದ ಪ್ರಕಾರ ಅದು ಅಪ್ಪಟ ನಮ್ಮೂರಿನದು.