ಬಾಗಿಲು ಹಾಕಿಕೊಂಡ ಮೇಲೆ

ಅರಸೀಕೆರೆಯಲ್ಲಿ ಹತ್ತಿದ ಬಸ್ಸು ಜಾವಗಲ್ ದಾಟಿ ಹಳೇಬೀಡಿನ ಹಾದಿ ಹಿಡಿದಿದೆ. ತೆಂಗಿನ ತೋಟ, ಕೆರೆ ಏರಿ, ಮತ್ತೆ ತೋಟ. ನೀವು ಊರೊಳಗೆ ಕಾಲಿಡುವಾಗ ದೀಪ ಹಚ್ಚುವ ಹೊತ್ತು. ವಾರದ ಹಿಂದಿನ ಮಳೆ ನೀರು ಹಿತ್ತಿಲ ತೆಂಗಿನ ಚಿಪ್ಪುಗಳಲ್ಲಿ ಇನ್ನೂ ನಿಂತಿದೆ. ಬಗ್ಗಿ ನೋಡಿ: ಸೊಳ್ಳೆಮರಿಗಳು ತಲೆಕೆಳಗಾಗಿ ತೂಗುತ್ತಿವೆ, ನಿಮ್ಮ ನೆರಳು ಬಿದ್ದದ್ದೇ ತಡ, ಮೈ ಕೊಂಕಿಸುತ್ತ ತಳ ಸೇರುತ್ತವೆ.

ಜಗಲಿಯಲ್ಲಿ ಬೇವಿನ ಸೊಪ್ಪಿನ ಹೊಗೆ. ಸೊಳ್ಳೆ ಪರದೆ ಕಟ್ಟಲ್ವಾ ಯಜಮಾನ್ರೇ ಎಂದು ಕೇಳುತ್ತೀರಿ.

"ಅದು ಬಾಣಂತಿ ಮಗೀಗೆ. ನಮ್ಮೂರಲ್ಲಿ ಗಂಡಸ್ರು ಯಾರು ಕಟ್ಕಂಡು ಮಲಗ್ತಾರೆ?"

ಪಕ್ಕದ ಮನೆಯವರೂ ಹೌದೆನ್ನುತ್ತಾರೆ. ಸೆಕೆ, ಗಾಳಿ ಆಡಲ್ಲ, ರಾತ್ರಿ ಎದ್ದರೆ ಕಾಲಿಗೆ ತೊಡರುತ್ತೆ.

ನೀರು ಕುಡಿಯಲು ಒಳಗೆ ಹೋದರೆ ಯಜಮಾನರ ಮಂಚದ ಸುತ್ತ ಗೋಡೆಗೆ ನಾಲ್ಕು ಮೊಳೆ. ಮೂರರಲ್ಲಿ ಲಾಡಿ, ನಾಲ್ಕನೆಯದರಲ್ಲಿ ಹಳೇ ಸೀರೆಯಂಚಿನ ಗಂಟು.

"ಮಾವಂಗೂ ಕಟ್ತೀನಿ," ಎನ್ನುತ್ತಾಳೆ ಸೊಸೆ. "ಹಾಸಿಗೆ ಕೆಳಗೆ ಸರಿಯಾಗಿ ಸಿಗಿಸ್ದೆ ಇದ್ರೆ ಅವ್ರೇ ಕೂಗ್ತಾರೆ. ಪಕ್ಕದ್ ಮನೇಲೂ ಐತೆ."

ಪರದೆ ಇಳಿಬಿಡುವುದು ಬಾಗಿಲು ಹಾಕಿಕೊಂಡ ಮೇಲೆ. ಹಾಗಾಗಿ ಯಾರೂ ಕಟ್ಟುವುದಿಲ್ಲ ಎಂಬ ಮಾತನ್ನು ಅಲ್ಲಗಳೆಯಲು ಕಣ್ಣೆದುರು ಸಾಕ್ಷಿಯೇ ಇರುವುದಿಲ್ಲ. ಉಗಾಂಡದ ಹಳ್ಳಿಗಳಲ್ಲಿ ಸಂಶೋಧಕರು ವಿಚಾರಿಸಿದಾಗಲೂ ಹೀಗೇ ಆಯಿತು: ಹೆಚ್ಚಿನವರು ಪರದೆಯೊಳಗೇ ಮಲಗುತ್ತಿದ್ದರು, ಆದರೆ ಊರವರು ಹಾಗೆ ಮಲಗುವುದಿಲ್ಲವೆಂದು ಅನೇಕರು ನಂಬಿದ್ದರು. ಹಾಗೆ ನಂಬಿದವರು ತಾವೂ ಪರದೆ ಕಟ್ಟದಿರುವುದು ಹೆಚ್ಚು. ನನಗೆ ದಿಗಿಲಾಗುವುದು ಇದಕ್ಕೇ.

ಈ ಸೀಮೆ ಮಲೇರಿಯಾ ಕಂಡದ್ದು. 1990ರ ದಶಕದಲ್ಲಿ ಅರಸೀಕೆರೆ ತಾಲ್ಲೂಕಿನ ಬಾಣಾವರ ಸುತ್ತಿನ ಹಳ್ಳಿಗಳ ಬಾವಿಗಳಿಗೆ, ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟಿದ್ದರು. ಬಾವಿಯಲ್ಲಿ ಹುಟ್ಟುವ ಅನಾಫಿಲಿಸ್ ಕಚ್ಚುವುದು ರಾತ್ರಿ. ಚಿಪ್ಪಿನ ನೀರಲ್ಲಿ ಬೆಳೆಯುವ ಈಡಿಸ್ ಹಗಲು ಕಚ್ಚುತ್ತದೆ. ಅದು ತರುವುದು ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು. ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಬೇಕು.

ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಿದ್ದಾರೆ. ಚಿಪ್ಪುಗಳನ್ನು ಒಂದೊಂದಾಗಿ ಕವುಚಿಹಾಕುತ್ತ, ಜಗಲಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ರಾತ್ರಿ ಪರದೆ ಕಟ್ಟಿದ್ರಾ?" ಎನ್ನುತ್ತಾರೆ.

ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, "ಕಟ್ಟಿದ್ದೆ ಕಣವ್ವ," ಎನ್ನುತ್ತಾರೆ.

ಪಕ್ಕದ ಮನೆಯವರು ಟೀ ಲೋಟ ಕೆಳಗಿಡುತ್ತಾರೆ. "ನಿಮ್ದು ಸಿಂಗಲ್ಲಾ, ಡಬಲ್ಲಾ? ನಮ್ದು ಕಾಲಿಗೆ ಸಾಲ್ತಾ ಇಲ್ಲ."