ಜೋಡೆತ್ತಿನ ಹೆಜ್ಜೆ ತಪ್ಪಿದಾಗ

ಪೇಸ್‌ಮೇಕರ್ ಹಾಕಿಸಿಕೊಂಡ ತಾತ ಮನೆಯಲ್ಲಿದ್ದರೆ ಮೊಮ್ಮಕ್ಕಳಿಗೆ ಅದೊಂದು ಬೆರಗು. ಕೊರಳ ಮೂಳೆಯ ಕೆಳಗೆ, ಚರ್ಮದಡಿಯಲ್ಲಿ ಕೈಗೆ ಸಿಗುವ ಗಟ್ಟಿ ಬಿಲ್ಲೆ. ಇದರ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಎಂಬುದು ಅವರ ಮೊದಲ ಪ್ರಶ್ನೆ. ಎಂಟು-ಹತ್ತು ವರ್ಷ ಎಂದು ಉತ್ತರ ಸಿಕ್ಕಿದ ಮೇಲೆ ಮನೆಮಂದಿಯ ಲೆಕ್ಕಾಚಾರವೆಲ್ಲ ಬ್ಯಾಟರಿಯ ಸುತ್ತಲೇ. ಬ್ಯಾಟರಿ ಚೆನ್ನಾಗಿದ್ದರೆ ತಾತನೂ ಚೆನ್ನಾಗಿದ್ದಾರೆ ಎಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಅದು ಯಾವಾಗಲೂ ನಿಜವಲ್ಲ.

ತುಮಕೂರಿನ ಸತ್ಯಮಂಗಲದ ಒಂದು ಮನೆ ಎಂದಿಟ್ಟುಕೊಳ್ಳಿ. ಕೈಗಾರಿಕಾ ಪ್ರದೇಶದಲ್ಲಿ ದುಡಿದು ನಿವೃತ್ತರಾದ ತಾತ ಒಂದು ದಿನ ತಲೆಸುತ್ತಿ ಬೀಳುತ್ತಾರೆ. ನಾಡಿ ನಿಮಿಷಕ್ಕೆ 35. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಕರೆದೊಯ್ದು ಪೇಸ್‌ಮೇಕರ್ ಹಾಕಿಸುತ್ತಾರೆ. ಹೋದ ಜೀವ ಬಂದಂತಾಗುತ್ತದೆ. ಮೂರು ವರ್ಷ ಆರಾಮ. ನಾಲ್ಕನೆಯ ವರ್ಷ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗುತ್ತಾರೆ. ಮಲಗಲು ಒಂದು ದಿಂಬು ಸಾಲದು, ಎರಡು ಬೇಕು. ಸಂಜೆಯಾದರೆ ಪಾದ ಊದಿ ಚಪ್ಪಲಿ ಬಿಗಿ. 'ವಯಸ್ಸಾಯ್ತಲ್ಲಪ್ಪ' ಎಂದು ಅವರೇ ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ. ಯಂತ್ರವನ್ನು ತಪಾಸಣೆ ಮಾಡಿಸಿದರೆ ಅದರಲ್ಲಿ ಎಳ್ಳಷ್ಟೂ ದೋಷವಿಲ್ಲ. ಎಕೋ ಪರೀಕ್ಷೆ ಮಾಡಿದಾಗ ಮಾತ್ರ ವಿಷಯ ಬಯಲಾಗುತ್ತದೆ. ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ 55ರಿಂದ 60 ಪಾಲನ್ನು ಪ್ರತಿ ಬಡಿತಕ್ಕೂ ಹೊರಕ್ಕೆ ತಳ್ಳಬೇಕು. ತಾತನದು 35ಕ್ಕೆ ಇಳಿದಿದೆ.

ಯಂತ್ರ ಸರಿಯಿದ್ದೂ ಹೃದಯ ಸೋತದ್ದೇಕೆ? ವಿದ್ಯಾರ್ಥಿಗಳು ಪಠ್ಯದ ಹೃದಯದ ಚಿತ್ರವನ್ನು ನೆನಪಿಸಿಕೊಳ್ಳಬೇಕು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟುವ ವಿದ್ಯುತ್ ಸಂಜ್ಞೆ ನಡುವಿನ ಗಂಟೊಂದನ್ನು ದಾಟಿ, 1893ರಲ್ಲಿ ವಿಲ್ಹೆಲ್ಮ್ ಹಿಸ್ ವಿವರಿಸಿದ ನಾರುಗಳ ಕಟ್ಟಿನಲ್ಲಿ ಇಳಿದು, ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ಈ ದಾರಿ ಹೆದ್ದಾರಿಯಿದ್ದಂತೆ. ಎರಡು ಹೃತ್ಕುಕ್ಷಿಗಳಿಗೂ ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ. ದಾರಿ ಕಡಿದುಹೋದವರಿಗೆ ಪೇಸ್‌ಮೇಕರ್ ಬೇಕು. ಆದರೆ ಅದರ ತಂತಿಯ ತುದಿಯನ್ನು ಬಹುಕಾಲದಿಂದ ನೆಡುತ್ತ ಬಂದಿರುವುದು ಬಲ ಹೃತ್ಕುಕ್ಷಿಯ ಸ್ನಾಯುವಿನಲ್ಲಿ. ಅಲ್ಲಿಂದ ಸಂಜ್ಞೆ ಹೆದ್ದಾರಿ ಹಿಡಿಯದೆ, ಒಂದು ಸ್ನಾಯುಕೋಶದಿಂದ ಇನ್ನೊಂದಕ್ಕೆ ಗಲ್ಲಿಗಲ್ಲಿ ಸುತ್ತಿಕೊಂಡು ಎಡಭಾಗಕ್ಕೆ ತಡವಾಗಿ ತಲುಪುತ್ತದೆ.

ಜೋಡೆತ್ತು ಕಟ್ಟಿ ಉತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಎತ್ತು ಮುಂದೆ ಎಳೆದ ಮೇಲೆ ಇನ್ನೊಂದು ಹೆಜ್ಜೆಯಿಟ್ಟರೆ ನೊಗ ಓರೆಯಾಗುತ್ತದೆ, ಶ್ರಮ ಇಮ್ಮಡಿಯಾಗುತ್ತದೆ, ಸಾಲು ಮಾತ್ರ ಮುಂದೆ ಹೋಗುವುದಿಲ್ಲ. ತಡವಾಗುವುದು ಒಂದು ಸೆಕೆಂಡಿನ ಅಲ್ಪ ಭಾಗವಷ್ಟೇ, ನಿಜ. ಆದರೆ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ವರ್ಷಕ್ಕೆ ಮೂರೂವರೆ ಕೋಟಿಗೂ ಮೇಲೆ. ಅಷ್ಟು ಸಲ ಓರೆಯಾಗಿ ಎಳೆದ ಸ್ನಾಯು ಹಿಗ್ಗಿ ಸೊರಗುತ್ತದೆ.

ಇಂಥ ತೊಂದರೆಯ ಸುಳಿವು ಇತ್ತೀಚಿನದೇನಲ್ಲ. ಹೃದಯವನ್ನು ಹೊರಗಿನಿಂದ ಪ್ರಚೋದಿಸಿದರೆ ಅದರ ಸಂಕೋಚನ ಕುಂದುತ್ತದೆ ಎಂದು ಅಮೆರಿಕದ ಕಾರ್ಲ್ ವಿಗ್ಗರ್ಸ್ 1925ರಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ಆದರೆ ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರ್ ಬಂದಾಗ, 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ, ರೋಗಿ ಬದುಕುಳಿಯುವುದೇ ದೊಡ್ಡ ಮಾತಾಗಿತ್ತು. ಆ ರೋಗಿ ಆರ್ನೆ ಲಾರ್ಸನ್. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಮುಂದೆ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿದ ಸೆನ್ನಿಂಗ್, ಯಂತ್ರ ಮಾಡಿದ ಎಲ್ಮ್‌ಕ್ವಿಸ್ಟ್ ಇಬ್ಬರೂ ತೀರಿಕೊಂಡ ಮೇಲೆ, 2001ರಲ್ಲಿ 86ನೆಯ ವಯಸ್ಸಿನಲ್ಲಿ ಆತ ಕಾಲವಾದರು. ಅದೂ ಹೃದಯದಿಂದಲ್ಲ, ಕ್ಯಾನ್ಸರ್‌ನಿಂದ. ಪೇಸ್‌ಮೇಕರ್ ಎಂದರೆ ಹೆದರುವವರು ಲಾರ್ಸನ್‌ರನ್ನು ನೆನೆಯಬೇಕು. ಬಲಭಾಗದ ಪ್ರಚೋದನೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡವರಲ್ಲೂ ಹೀಗೆ ಸ್ನಾಯು ಸೊರಗುವುದು ಸುಮಾರಾಗಿ ನೂರಕ್ಕೆ 10ರಿಂದ 20 ಮಂದಿಗೆ. ಉಳಿದವರ ಹೃದಯ ಹೊಂದಿಕೊಂಡು ಸಾಗುತ್ತದೆ.

ವೈದ್ಯರ ಕಣ್ಣು ತೆರೆಸಿದ್ದು 2002ರಲ್ಲಿ ಪ್ರಕಟವಾದ 'ಡೇವಿಡ್' ಎಂಬ ಅಧ್ಯಯನ. ಹೃದಯ ಮೊದಲೇ ದುರ್ಬಲವಾಗಿದ್ದ, ಆದರೆ ಬಡಿತದ ವೇಗ ನಿಧಾನವಾಗಿರದ ಸುಮಾರು 500 ರೋಗಿಗಳಲ್ಲಿ ಒಂದು ಗುಂಪಿಗೆ ಯಂತ್ರ ಹೆಚ್ಚಾಗಿ ಪ್ರಚೋದನೆ ಕೊಡುತ್ತಿತ್ತು. ಇನ್ನೊಂದು ಗುಂಪಿಗೆ ಅಗತ್ಯಬಿದ್ದರೆ ಮಾತ್ರ. ಒಂದು ವರ್ಷದಲ್ಲಿ ಸತ್ತವರು ಇಲ್ಲವೆ ಹೃದಯ ಸೋತು ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 27, ಎರಡನೆಯದರಲ್ಲಿ 16. ಬೇಕಿಲ್ಲದಾಗ ಯಂತ್ರ ಸುಮ್ಮನಿರುವಂತೆ ಹೊಂದಿಸುವ ಜಾಣ್ಮೆ ಆಮೇಲೆ ರೂಢಿಗೆ ಬಂತು. ಆದರೆ ಸತ್ಯಮಂಗಲದ ತಾತನಂತೆ ದಾರಿಯೇ ಪೂರ್ತಿ ಕಡಿದವರಿಗೆ ಆ ಸೌಲಭ್ಯವಿಲ್ಲ. ಅವರಿಗೆ ಪ್ರತಿ ಬಡಿತಕ್ಕೂ ಯಂತ್ರ ಬೇಕು.

ಅಂಥವರಿಗೂ ದಾರಿಯಿದೆ. ಎಡಭಾಗಕ್ಕೆ ಇನ್ನೊಂದು ತಂತಿ ಹಾಕಿ ಎರಡನ್ನೂ ಒಟ್ಟಿಗೆ ಬಡಿಯುವಂತೆ ಮಾಡಬಹುದು. ಇಲ್ಲವೆ ತಂತಿಯನ್ನು ಸ್ನಾಯುವಿನ ಬದಲು ಹೃದಯದ ಹೆದ್ದಾರಿಗೇ ನೆಡಬಹುದು. ಹಿಸ್ ಕಟ್ಟಿನಲ್ಲಿ ಹೀಗೆ ತಂತಿ ನೆಟ್ಟ ವರದಿ 2000ದಲ್ಲಿ ಬಂತು. ಎಡ ಕವಲಿಗೆ ನೆಡುವ ವಿಧಾನವನ್ನು ಚೀನಾದ ವೈದ್ಯರು 2017ರಲ್ಲಿ ಪ್ರಕಟಿಸಿದರು. ಹೀಗೆ ಬದಲಾಯಿಸಿದ ಮೇಲೆ ಅನೇಕರ ಸ್ನಾಯು ಮತ್ತೆ ಚೇತರಿಸಿಕೊಳ್ಳುತ್ತದೆ. ಈ ಕಾಯಿಲೆಯ ಮಟ್ಟಿಗೆ ಬಹು ದೊಡ್ಡ ಸಮಾಧಾನವೆಂದರೆ ಇದೇ. ಬೇಗ ಗೊತ್ತಾಗಬೇಕು, ಅಷ್ಟೆ.

ಗೊತ್ತಾಗುವ ಬಗೆ ಎಕೋ. ಪೇಸ್‌ಮೇಕರ್ ಹಾಕುವ ಮುನ್ನ ಒಂದು, ಅನಂತರ ವೈದ್ಯರು ಹೇಳಿದ ಅಂತರದಲ್ಲಿ. ಉಸಿರು ಕಟ್ಟಿದರೆ, ಕಾಲು ಊದಿದರೆ ತಕ್ಷಣ. ರಕ್ತನಾಳ ಕಟ್ಟಿಕೊಂಡಿದೆಯೇ, ಕವಾಟ ಕೆಟ್ಟಿದೆಯೇ ಎಂದು ನೋಡಿದ ಮೇಲಷ್ಟೇ ವೈದ್ಯರು ಪೇಸ್‌ಮೇಕರ್ ಕಡೆ ಬೆರಳು ತೋರಿಸುತ್ತಾರೆ. ಹಳೆಯ ಎಕೋ ಇದ್ದರೆ ಹೊಸದರೊಡನೆ ಹೋಲಿಸುವುದು ಸುಲಭ. ಮಕ್ಕಳ ಒಂದನೇ ತರಗತಿಯ ಮಾರ್ಕ್ಸ್‌ಕಾರ್ಡನ್ನೂ ಜೋಪಾನ ಮಾಡಿರುವ ಮನೆಗಳಲ್ಲಿ ತಾತನ ಎಕೋ ವರದಿ ಕೇಳಿದರೆ ಸಿಗುವುದೇ ಇಲ್ಲ! ಅದನ್ನು ಹುಡುಕಿ ಒಂದು ಫೈಲಿಗೆ ಹಾಕುವ ಕೆಲಸವನ್ನು ಹೈಸ್ಕೂಲು ಓದುವ ಮೊಮ್ಮಗಳೇ ಮಾಡಬಹುದು. ಯಂತ್ರದ ತಪಾಸಣೆಯ ಚೀಟಿಯಲ್ಲಿ ಹೃತ್ಕುಕ್ಷಿಯ ಬಡಿತಗಳಲ್ಲಿ ನೂರಕ್ಕೆ ಎಷ್ಟನ್ನು ಯಂತ್ರ ಮಾಡಿಸಿದೆ ಎಂಬ ಅಂಕಿ ಇರುತ್ತದೆ. ಅದು 20ಕ್ಕಿಂತ ಮೇಲಿದ್ದರೆ, ಮುಂದಿನ ಎಕೋ ಯಾವಾಗ ಎಂದು ವೈದ್ಯರನ್ನು ಕೇಳಿ ಅಲ್ಲೇ ಬರೆದಿಟ್ಟುಕೊಳ್ಳಬಹುದು.