ನಾಲ್ಕು ಗಾಲಿಯ ಮನೆ

ಕಾಫಿ ಸೀಮೆಗೆ ಹೋಗುವವರಿಗೆ ಏಪ್ರಿಲ್ಲಿನ ಹೂವು ಗೊತ್ತು, ಡಿಸೆಂಬರಿನ ಕೆಂಪು ಹಣ್ಣು ಗೊತ್ತು. ಅಕ್ಟೋಬರನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಅದೇ ಇಷ್ಟ. ಜೂನಿನಿಂದ ಹೊಡೆದ ಮಳೆ ನಿಂತಿದ್ದರೂ ರಸ್ತೆ ಬದಿಯ ಧರೆಗಳಿಂದ ನೀರು ಜಿನುಗುತ್ತಲೇ ಇರುತ್ತದೆ. ಅರೇಬಿಕಾ ಗಿಡಗಳಲ್ಲಿ ಹಸಿರು ಕಾಯಿಗಳ ನಡುವೆ ಒಂದೆರಡು ಅವಸರಪಟ್ಟು ಹಣ್ಣಾಗಿರುತ್ತವೆ. ರೊಬಸ್ಟಾಗೆ ಇನ್ನೂ ಯಾವ ಅವಸರವೂ ಇಲ್ಲ.

ಕಳೆದ ದಸರೆ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ಕ್ಯಾಂಪರ್ ವ್ಯಾನನ್ನು ನಾಲ್ಕು ದಿನಕ್ಕೆ ಬಾಡಿಗೆಗೆ ಹಿಡಿದೆವು. ಟೆಂಪೊ ಟ್ರಾವೆಲರಿನ ಸೀಟುಗಳನ್ನು ಕಿತ್ತು ಹಾಸಿಗೆ, ಸಣ್ಣ ಸಿಂಕು, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದ್ದ ಗಾಡಿ. ಓಡಿಸಲು ನನ್ನ ಗಂಡ, ಪಕ್ಕದಲ್ಲಿ ನಾನು. ಹಾಸನದಲ್ಲಿ ಅಪ್ಪನನ್ನು ಹತ್ತಿಸಿಕೊಂಡೆವು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ಅಪ್ಪನಿಗೆ ಈಗ ಎಪ್ಪತ್ತು. ಒಳಗೆ ಬಂದವರೇ ಕಪಾಟುಗಳನ್ನು ಒಂದೊಂದಾಗಿ ತೆಗೆದು ನೋಡಿ, "ನಾವು ಎಂಟು ಜನ ಇದ್ದ ಮನೆ ಇದಕ್ಕಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ. ಆದರೆ ಸಿಂಕು ಇರಲಿಲ್ಲ" ಅಂದರು.

ಇಂಥ ಗಾಡಿಯ ಆಸೆ ನನಗೆ ಹತ್ತಿದ್ದು ಸಿನಿಮಾದಿಂದ. ಅಮೆರಿಕದ ಮರುಭೂಮಿ ರಾಜ್ಯಗಳಲ್ಲಿ, ಕೆಂಪು ಕಣಿವೆಗಳ ಅಂಚಿನಲ್ಲಿ ಮನೆಯನ್ನೇ ಗಾಡಿಯಾಗಿಸಿಕೊಂಡು ತಿರುಗುವವರನ್ನು ಎಷ್ಟೋ ಸಲ ತೆರೆಯ ಮೇಲೆ ನೋಡಿದ್ದೆ. ಆದರೆ 'ನೋಮ್ಯಾಡ್‌ಲ್ಯಾಂಡ್' ನೋಡಿದಾಗ ಆ ಚಿತ್ರದ ಇನ್ನೊಂದು ಮಗ್ಗುಲು ಕಂಡಿತು. ನೆವಾಡಾದ ಎಂಪೈರ್ ಎಂಬ ಊರು ಜಿಪ್ಸಮ್ ಕಂಪನಿಯದು. 2011ರಲ್ಲಿ ಕಾರ್ಖಾನೆ ಮುಚ್ಚಿತು. ಮನೆಗಳೂ ಕಂಪನಿಯವೇ ಆದ್ದರಿಂದ ಜನ ಊರು ಬಿಟ್ಟರು. ಕೊನೆಗೆ ಅಂಚೆಯ ಪಿನ್‌ಕೋಡೂ ರದ್ದಾಯಿತು. ಕಥಾನಾಯಕಿ ವ್ಯಾನು ಹತ್ತುವುದು ಅಂಥ ಊರಿನಿಂದ.

ಬೇಲೂರು ದಾಟಿ ಮೂಡಿಗೆರೆ ಮುಟ್ಟುವಾಗ ಮಧ್ಯಾಹ್ನ. ಮೂಡಿಗೆರೆ ಎಂದರೆ ನಮ್ಮಂಥ ಓದುಗರಿಗೆ ತೇಜಸ್ವಿ; ಅಪ್ಪನಿಗೆ ಹಾಸ್ಟೆಲ್ಲಿನ ನೀರು ಸಾರು. ಕೊಟ್ಟಿಗೆಹಾರದಲ್ಲಿ ಎಲ್ಲರಂತೆ ನಾವೂ ನೀರುದೋಸೆ ತಿಂದೆವು. ಅಲ್ಲಿಂದ ಒಂದು ದಾರಿ ಚಾರ್ಮಾಡಿ ಘಾಟಿ ಇಳಿಯುತ್ತದೆ. ನಮ್ಮ ಅಜ್ಜ ಹತ್ತಿ ಬಂದದ್ದು ಅದೇ ದಾರಿಯಲ್ಲಿ. ಘಟ್ಟದ ಕೆಳಗೆ ಮೇಸ್ತ್ರಿ ಕೊಟ್ಟ ಮುಂಗಡ ಹಣ ತೀರಿಸಲು ಒಂದು ವರ್ಷಕ್ಕೆಂದು ಬಂದವನು ವಾಪಸು ಇಳಿಯಲೇ ಇಲ್ಲ. ನಾವು ಇನ್ನೊಂದು ದಾರಿ ಹಿಡಿದೆವು. ಹೇಮಾವತಿ ಹುಟ್ಟುವ ಜಾವಳಿಯ ಮೇಲೆ ಕಳಸದ ಕಡೆಗೆ. ಅಲ್ಲಲ್ಲಿ ಗುಡ್ಡ ಜಾರಿದ ಕಲೆ, ಅದರ ಮೇಲೆ ಆಗಲೇ ಹುಲ್ಲು.

ಅಪ್ಪ ಹುಟ್ಟಿದ ತೋಟದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗೇಟಿನಲ್ಲಿದ್ದವನು ಯಾರಿಗೋ ಫೋನು ಮಾಡಿ ಕೇಳಿ ಹತ್ತು ನಿಮಿಷಕ್ಕೆ ಒಳಗೆ ಬಿಟ್ಟ. ಕಣ ತೊಳೆಯುತ್ತಿದ್ದರು. ಪಲ್ಪರ್ ಮನೆಯ ಹಿಂದೆ ಲೈನು: ಒಂದೇ ಉದ್ದ ಮಾಡಿನ ಕೆಳಗೆ ಸಾಲಾಗಿ ಹತ್ತು ಬಾಗಿಲು. ಹಂಚು ಹೋಗಿ ಶೀಟು ಬಂದಿದೆ, ಒಂದೆರಡು ಡಿಶ್ ಆಂಟೆನಾ ಇವೆ. ಈಗ ಇರುವವರು ಅಸ್ಸಾಮಿನಿಂದ ಬಂದವರು. ಬಾಗಿಲಲ್ಲಿ ಕೂತಿದ್ದ ಹುಡುಗಿಗೆ ನಮ್ಮ ಕನ್ನಡ ಅರ್ಥವಾಗಲಿಲ್ಲ. ಅಪ್ಪನ ಹಿಂದಿ ನಮಗೂ ಅರ್ಥವಾಗಲಿಲ್ಲ.

ಅಪ್ಪ ಆರನೆಯ ಬಾಗಿಲ ಮುಂದೆ ನಿಂತರು. ಒಳಗೆ ಇಣುಕಲಿಲ್ಲ. ಜಗಲಿಯ ಮೂಲೆ ತೋರಿಸಿ, "ಅಕ್ಕ ಇಲ್ಲಿ ಕೂತು ಮಗ್ಗಿ ಹೇಳಿಕೊಡ್ತಿದ್ದಳು" ಅಂದರು. ಆಮೇಲೆ, ಪಾಠ ಮುಗಿಸುವ ದನಿಯಲ್ಲಿ, ಉಳಿದದ್ದನ್ನು ಹೇಳಿದರು.

1964ರ ಸುಮಾರು. ಅಜ್ಜ ಸಿಲ್ವರ್ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ. ಅಜ್ಜಿ ಬಾಣಂತಿ. ಲೈನಿನ ಮನೆಯ ಲೆಕ್ಕ ಸರಳ: ಆ ಬಾಗಿಲಿನಿಂದ ದಿನಾ ಒಬ್ಬರಾದರೂ ಹಾಜರಿಗೆ ನಿಲ್ಲಬೇಕು. ಇಲ್ಲದಿದ್ದರೆ ಆ ಬಾಗಿಲು ಬೇರೆ ಹಾಜರಿಗೆ. ತೋಟದ ಕೆಲಸಗಾರರಿಗೆ ಮಾಲೀಕರೇ ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತ್ತು. ದೊಡ್ಡ ಮಾತೇ, ಸುಳ್ಳಲ್ಲ. ಆದರೆ ಆ ಮನೆ ಕೆಲಸದ ಬಾಲದಂತೆ. ಕೆಲಸ ಎದ್ದರೆ ಅದೂ ಎದ್ದಿತು. ಹನ್ನೆರಡು ತುಂಬದವರನ್ನು ದುಡಿಸಬಾರದೆಂದೂ ಅದೇ ಕಾಯ್ದೆ ಹೇಳಿತ್ತು. ಅತ್ತೆಗೆ ಆಗಷ್ಟೇ ಹನ್ನೆರಡು ತುಂಬಿತ್ತು. ಸ್ಲೇಟು ಗೂಡಿನಲ್ಲಿಟ್ಟು ಕುಕ್ಕೆ ಸೊಂಟಕ್ಕೆ ಕಟ್ಟಿಕೊಂಡು ಮಾರನೆಯ ದಿನ ರೈಟರ ಮುಂದೆ ನಿಂತಳಂತೆ. ಮನೆ ಉಳಿಯಿತು. ಅಪ್ಪ ಶಾಲೆಯಲ್ಲಿ ಉಳಿದರು, ಆಮೇಲೆ ಹಾಸ್ಟೆಲಿಗೆ ಹೋದರು, ಮೇಷ್ಟ್ರಾದರು.

"ಓದಿನಲ್ಲಿ ಅವಳೇ ಚುರುಕು" ಅಂದರು ಅಪ್ಪ. ಆ ಹುಡುಗಿ ನಮಗೆ ಕುಡಿಯಲು ನೀರು ತಂದುಕೊಟ್ಟಳು.

ಆ ರಾತ್ರಿ ಕಳಸದ ಬಳಿ ಪರಿಚಯದ ಹೋಂಸ್ಟೇಯವರ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಕೆಳಗೆಲ್ಲೋ ಭದ್ರೆಯ ಸದ್ದು. ಅಪ್ಪ ಹಾಸಿಗೆಯ ಮೇಲೆ ಕೂತು ಅತ್ತೆಗೆ ಫೋನು ಮಾಡಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಇಟ್ಟ ಮೇಲೆ, "ನಾಳೆ ಹೊರನಾಡು ಬೇಡ. ಬಜಗೋಳಿಗೆ ಇಳಿಯೋಣ" ಅಂದರು. ನಾಲ್ಕು ದಿನದ ನನ್ನ ಪಟ್ಟಿಯಲ್ಲಿ ಹೊರನಾಡು, ಕ್ಯಾತನಮಕ್ಕಿ ಎರಡೂ ಇದ್ದವು. ಹೋಗಲಿ.

ಬಜಗೋಳಿಗೆ ಇಳಿಯುವ ದಾರಿ ಕುದುರೆಮುಖದ ಮೇಲೆ. ಕಬ್ಬಿಣದ ಅದಿರಿನ ಕಂಪನಿಗಾಗಿ ಕಾಡಿನ ನಡುವೆ ಎದ್ದ ಊರು ಅಲ್ಲಿದೆ: ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದದ್ದು. 2005ರ ಕೊನೆಗೆ ಗಣಿ ನಿಂತಿತು. ನಿಲ್ಲಬೇಕಾದ್ದೇ, ಭದ್ರೆಗೆ ಹರಿದ ಕೆಮ್ಮಣ್ಣು ಸಾಕಾಗಿತ್ತು. ಹಾಗೆಂದು ಬಾಗಿಲು ಮುಚ್ಚಿದ ಮನೆಗಳ ಸಾಲನ್ನು ನೋಡುವುದು ಸುಲಭವಲ್ಲ. ಎಂಪೈರಿನ ಕಥೆಯನ್ನು ಅಪ್ಪನಿಗೆ ಹೇಳಿದೆ. "ಅವರಿಗೆ ಗಾಡಿಯಾದರೂ ಇತ್ತಲ್ಲ" ಅಂದರು. ಸುತ್ತಲಿನ ಗುಡ್ಡಗಳ ಹುಲ್ಲು ಇನ್ನೂ ಹಸಿರಾಗಿತ್ತು, ತುದಿಯಲ್ಲಷ್ಟೇ ಬಣ್ಣ ತಿರುಗುತ್ತಿತ್ತು.

ಅತ್ತೆಯ ಮನೆ ಅಡಿಕೆ ತೋಟದ ಅಂಚಿನಲ್ಲಿ. ಐದು ಸೆಂಟ್ಸ್ ಜಾಗ, ಹಂಚಿನ ಮಾಡು, ಹಕ್ಕುಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದಾರೆ. ತಮ್ಮನ ಕೈ ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿದರು. ಹಾಸಿಗೆ ಒತ್ತಿ ನೋಡಿದರು, ನಲ್ಲಿ ತಿರುಗಿಸಿದರು, ಒಲೆ ಹಚ್ಚಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳ್ಳೇದುಂಟು ಮಗಾ. ಇದು ಯಾರ ಹೆಸರಲ್ಲಿ ಉಂಟು?" ಎಂದು ಕೇಳಿದರು.

"ಬಾಡಿಗೆಯದ್ದು ಅತ್ತೆ."

"ಯಾವಾಗ ಬಿಡ್ಬೇಕು?"

"ನಾಳೆ ಸಂಜೆ ಏಳರೊಳಗೆ."

"ಹಾಗಾದ್ರೆ ಬೇಗ ಹೊರಡಿ. ಘಾಟಿಯಲ್ಲಿ ಮಂಜು ಇಳಿತದೆ" ಎಂದು, ಹಾಸಿಗೆಯ ಕೆಳಗಿನ ಪೆಟ್ಟಿಗೆಗೆ ತಾವೇ ಬಗ್ಗಿ ಆರು ತೆಂಗಿನಕಾಯಿ ತುಂಬಿಸಿದರು.